ಜವುಗು ಮುಚ್ಚಿದ ಮೇಲೆ

ಅಂಡಮಾನಿನ ದ್ವೀಪವೊಂದಕ್ಕೆ ಮದುವೆಯಾಗಿ ಹೋಗಿದ್ದ ಫರ್ಜಾನಾ ಸಿರುಗುಪ್ಪದ ತವರಿಗೆ ಬಂದಳು. ಬಸ್‌ಸ್ಟ್ಯಾಂಡಿನಿಂದ ಕರೆತಂದವನು ತಮ್ಮ ನಾಸಿರ್. ಅವಳು ಬುರ್ಖಾ ಕೂಡ ತೆಗೆಯದೆ ಅಡುಗೆಮನೆಗೆ ಹೋಗಿ, ಗಡಿಗೆಯ ನೀರನ್ನು ಗಟಗಟ ಕುಡಿದಳು.

"ದಾರ್ಯಾಗ ನೀರು ಸಿಗಲಿಲ್ಲೇನ?" ತಾಯಿ ರಹೀಮಾಬೀ ನಕ್ಕಳು.

"ಸಿಕ್ತಮ್ಮಿ. ಆದ್ರ ಅಲ್ಲಿ ನಮ್ಮ ಬಾವಿ ನೀರು ಉಪ್ಪಾಗೇತಿ. ಕುಡಿಯಾಕ ದೋಣಿ ಮ್ಯಾಲ ಡ್ರಮ್ಮಿನಾಗ ತರ್ತಾರ."

ನಾಸಿರ್ ಬ್ಯಾಗು ಇಡುವ ನೆಪದಲ್ಲಿ ಒಳಗೆ ಹೋದ.

ಬಾವಿ ಏಕೆ ಉಪ್ಪಾಯಿತೆಂದು ಅವನಿಗೆ ಗೊತ್ತಿತ್ತು. ಹಿಂದಿನ ವರ್ಷ ಅಕ್ಕನ ಮನೆಯಲ್ಲೇ ಇದ್ದುಕೊಂಡು ಅವನು ಅಲ್ಲಿ ಗುತ್ತಿಗೆದಾರನೊಬ್ಬನ ಜೆಸಿಬಿ ಓಡಿಸಿದ್ದ. ಊರ ಹಿಂದೆ ದೊಡ್ಡ ಜವುಗು ಇತ್ತು. ಮಳೆನೀರು ಅಲ್ಲಿ ನಿಂತು, ನಿಧಾನಕ್ಕೆ ನೆಲಕ್ಕಿಳಿದು, ಸಮುದ್ರದ ಉಪ್ಪುನೀರು ಬಾವಿಗಳತ್ತ ನುಗ್ಗದಂತೆ ತಡೆಯುತ್ತಿತ್ತು. ಏಡಿ, ಸಿಗಡಿಗಳ ಮರಿಗಳು ಅಲ್ಲೇ ಬೆಳೆಯುತ್ತಿದ್ದವು. ಗುತ್ತಿಗೆದಾರನಿಗೆ ಮಾತ್ರ ಅದು ರೆಸಾರ್ಟ್ ಕಟ್ಟುವ ಜಾಗ.

ಊರಿನವರು ಎಂದೋ ಹೋಗಿ ನೆಲೆಸಿದ ತೆಲುಗು ಮೀನುಗಾರರು. ಗುತ್ತಿಗೆದಾರನ ಹಿಂದಿಯನ್ನು ಅವರು ನಂಬಲಿಲ್ಲ. ಅವನು ನಾಸಿರ್‌ನನ್ನು ಮುಂದೆ ಬಿಟ್ಟ. ಆಂಧ್ರದ ಗಡಿಯ ಸಿರುಗುಪ್ಪದವನಿಗೆ ತೆಲುಗು ಯಾರಾದರೂ ಕಲಿಸಬೇಕೆ? ಅಂಚಿಗಷ್ಟೇ ಮಣ್ಣು ಹಾಕುತ್ತೇವೆ, ಸೊಳ್ಳೆ ಕಡಿಮೆಯಾಗುತ್ತದೆ ಎಂದು ನಾಸಿರ್ ಹೇಳಿದ. ಇಡೀ ಜವುಗು ಮುಚ್ಚುವ ನಕ್ಷೆಯನ್ನು ಅಂದು ಬೆಳಿಗ್ಗೆಯೇ ಅವನು ನೋಡಿದ್ದ. ಅಪ್ಪಲಸ್ವಾಮಿ ಎಂಬ ಮುದುಕ ಅವನ ಭುಜ ತಟ್ಟಿ, ಫರ್ಜಾನಾಳ ತಮ್ಮ ಸುಳ್ಳು ಹೇಳುವವನಲ್ಲ ಎಂದು ಎಲ್ಲರನ್ನೂ ಒಪ್ಪಿಸಿದ್ದ.

ಮಧ್ಯಾಹ್ನ ತಾಯಿ ಮಲಗಿದ ಮೇಲೆ ಫರ್ಜಾನಾ ಕೇಳಿದಳು: "ಖರೇ ಹೇಳೋ. ಪೂರಾ ಮುಚ್ಚತಾರಂತ ನಿನಗ ಮೊದಲೇ ಗೊತ್ತಿತ್ತೇನು?"

ಇಲ್ಲ ಎನ್ನಲು ಬಾಯಿ ತೆರೆದವನು ಉಪ್ಪುನೀರಿಗೆ ಒಡೆದ ಅಕ್ಕನ ತುಟಿಗಳನ್ನು ಕಂಡು ತಲೆ ತಗ್ಗಿಸಿದ. "ಗೊತ್ತಿತ್ತು."

"ನಮ್ಮ ನಾಸಿರ್‌ಗೂ ಮೋಸ ಆಗೇತಿ ಅಂತ ಊರ ಜೋಡಿ ಜಗಳಾಡೀನಿ. ಹೆಣ್ಮಕ್ಳು ನನ್ನ ಮಾತಾಡ್ಸೋದು ಬಿಟ್ಟಾರ."

ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ರೆಸಾರ್ಟಿಗೆ ತಡೆ ಬಿದ್ದಿದೆ, ಸುರಿದ ಮಣ್ಣು ತೆಗೆಯಲು ಊರಿಗೆ ಅಪ್ಪಣೆ ಸಿಕ್ಕಿದೆ, ಆದರೆ ಗುತ್ತಿಗೆದಾರನಿಗೆ ಹೆದರಿ ಯಂತ್ರ ಓಡಿಸಲು ಯಾರೂ ಬರುತ್ತಿಲ್ಲ ಎಂದಷ್ಟೇ ಹೇಳಿದಳು.

"ನಾ ಬರಲೇನು?"

"ನನ್ನ ಕೇಳಬ್ಯಾಡ. ಅವರ್ನ ಕೇಳು."

ನಾಸಿರ್ ಅಪ್ಪಲಸ್ವಾಮಿಗೆ ಫೋನು ಮಾಡಿದ. ಎಲ್ಲ ಗೊತ್ತಿದ್ದೇ ಅಂದು ಸುಳ್ಳು ಹೇಳಿದೆನೆಂದು ತೆಲುಗಿನಲ್ಲಿ ಒಪ್ಪಿಕೊಂಡ. ಮಣ್ಣು ತೆಗೆಯಲು ಬರಲೇ ಎಂದು ಕೇಳಿದ. ಮುದುಕ, "ಬಾ" ಎಂದಷ್ಟೇ ಹೇಳಿದ.

ನಾಸಿರ್ ಹತ್ತಿರದ ಹಚ್ಚೊಳ್ಳಿಯಲ್ಲಿ ಮಾಡುತ್ತಿದ್ದ ಕಾಲುವೆ ಕೆಲಸ ಬಿಟ್ಟು, ಬಳ್ಳಾರಿಯಲ್ಲಿ ರೈಲು ಹತ್ತಿ, ಚೆನ್ನೈನಿಂದ ಹಡಗಿನಲ್ಲಿ ಅಕ್ಕನ ಜೊತೆಗೇ ಹೊರಟ.

ದ್ವೀಪದಲ್ಲಿ ಅವನಿಗೆ ಯಾರೂ ನಮಸ್ಕಾರ ಹೇಳಲಿಲ್ಲ. ತಾನೇ ಸುರಿದ ಕೆಂಪು ಮಣ್ಣನ್ನು ತಾನೇ ಬಗೆದು ತೆಗೆದ. ಬಕೆಟ್ಟಿಗೆ ಸಿಕ್ಕಿ ಮೇಲೆ ಬಂದ, ಜವುಗಿನ ಗಿಡಗಳ ಸತ್ತ ಬೇರುಗಳನ್ನು ನೋಡಲಾಗದೆ ಕೆಲವೊಮ್ಮೆ ಯಂತ್ರ ನಿಲ್ಲಿಸಿ ಕೂರುತ್ತಿದ್ದ. ಫರ್ಜಾನಾ ಊಟ ತಂದರೆ ಇತರ ಹೆಂಗಸರು ದಾರಿ ಬಿಟ್ಟು ದೂರ ಸರಿಯುತ್ತಿದ್ದರು. ಅವಳು ಅದನ್ನು ಅವನೆದುರು ಒಮ್ಮೆಯೂ ಎತ್ತಲಿಲ್ಲ.

ಮಳೆ ಶುರುವಾಯಿತು. ತೆರವಾದ ತಗ್ಗಿನಲ್ಲಿ ಕಪ್ಪು ನೀರು ನಿಂತಿತು, ಕಪ್ಪೆಗಳು ಕೂಗಿದವು. ಬಾವಿ ಇನ್ನೂ ಉಪ್ಪೇ. ಸಿಹಿಯಾಗಲು ಎಷ್ಟೋ ಮಳೆಗಾಲ ಬೇಕು, ಆದರೂ ಆಗುತ್ತದೆಂದು ಹೇಳಲಾಗದು ಎಂದರು ನೀರು ಪರೀಕ್ಷಿಸಿದವರು.

ಅಪ್ಪಲಸ್ವಾಮಿ ಕೊಡೆ ಹಿಡಿದು ಬಂದು ನೀರನ್ನು ನೋಡಿದ. ಒಂದು ಒಳ್ಳೆಯ ಮಾತಿಗಾಗಿ ನಾಸಿರ್ ಕಾದ.

"ಆ ತೆಂಗಿನ ಮರದ ಹತ್ತಿರದ ಮೂಲೆಯಲ್ಲಿ ಮಣ್ಣು ಇನ್ನೂ ಹಾಗೇ ಇದೆ," ಎಂದು ಮುದುಕ ಕೈ ತೋರಿಸಿ ನಡೆದ.

ನಾಸಿರ್ ಯಂತ್ರವನ್ನು ಅತ್ತ ತಿರುಗಿಸಿದ.