ಕೆಳಗೆರೆ ಇಲ್ಲದ ಪಟ್ಟಿ

ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲೇ ಫಿನಾಯಿಲ್ ಮೂಗಿಗೆ ಹೊಡೆಯಿತು, ಈಗಷ್ಟೇ ನೆಲ ಒರೆಸಿದ್ದಾರೆ, ಚಪ್ಪಲಿ ಊರಿ ನಡೆಯಬೇಕು — ಮೂರನೇ ಮಹಡಿ, ಮಕ್ಕಳ ವಾರ್ಡು, ಆರು ವರ್ಷದಲ್ಲಿ ಅವಳು ಇಲ್ಲಿಗೆ ಬಂದದ್ದು ಎರಡೇ ಸಲ, ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ ಕೂತವರಿಗೆ ಆಸ್ಪತ್ರೆ ಅಂದರೆ ಪರದೆಯೇ, ರೋಗಿಗಳೆಲ್ಲ ಅಂಕಿಗಳೇ, ಅಂಕಿ ಅಳುವುದಿಲ್ಲ, ಇಲ್ಲಿ ಮಾತ್ರ ಎಲ್ಲೋ ಒಂದು ಕೂಸು ಒಂದೇ ಸಮನೆ ಅಳುತ್ತಿದೆ, ಅಳಲಿ, ಎಷ್ಟು ಬೇಕಾದರೂ ಅಳಲಿ, ಅಳುವ ಶಕ್ತಿ ಇದೆಯಲ್ಲ. ಬೆಳಿಗ್ಗೆ ಫೋನಿನಲ್ಲಿ ಕೇಳಿದ ಆ ಕೂಸೇ ಇರಬಹುದೇ? ಎರಡೂವರೆ ಕೆಜಿ. ಸಿಬ್ಬಂದಿಯೆಲ್ಲ ಕಡತ ಹಂಚಿಕೊಳ್ಳುವ ಒಳತಾಣ ಕಟ್ಟಿದವಳು ಅವಳೇ, ರಜೆ ಅರ್ಜಿ, ಪಾಳಿ ಪಟ್ಟಿ, ಸುತ್ತೋಲೆ, ಎಲ್ಲಕ್ಕೂ ಅಲ್ಲೊಂದು ಜಾಗ, ಔಷಧದ ಪ್ರಮಾಣದ ಪಟ್ಟಿಯದೇ ತಲೆನೋವು, ಒಂದೊಂದು ವಾರ್ಡಿನವರು ಒಂದೊಂದು ನಕಲು ಇಳಿಸಿಕೊಂಡು ಗೋಡೆಗೆ ಅಂಟಿಸಿ ವರ್ಷಗಟ್ಟಲೆ ಅದನ್ನೇ ನಂಬುತ್ತಿದ್ದರು, ಅದಕ್ಕೇ ಔಷಧ ವಿಭಾಗದ ವೆಬ್ ಪುಟವನ್ನೇ ಒಳತಾಣದೊಳಗೆ ಒಂದು ಚೌಕಟ್ಟಿನಲ್ಲಿ ಕೂರಿಸಿದಳು, ಅವರು ಅಲ್ಲಿ ತಿದ್ದಿದ ಗಳಿಗೆಯೇ ಇಲ್ಲೂ ತಿದ್ದಿದಂತೆ, ವಿಳಾಸ ಹಾಕು, ಅಗಲ ಹೇಳು, ಎತ್ತರ ಹೇಳು, ಮುಗಿಯಿತು. ಎತ್ತರ ಆರುನೂರು ಪಿಕ್ಸೆಲ್. ಪಟ್ಟಿಯಲ್ಲಿ ಹನ್ನೊಂದು ಸಾಲು, ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತು, ಪುಟವನ್ನು ಮೇಲೆ ಕೆಳಗೆ ಸರಿಸುವ ಪಕ್ಕದ ಸ್ಕ್ರಾಲ್ ಬಾರ್ ಬಾಲದ ಹಾಗೆ ಕಾಣುತ್ತಿತ್ತು, ತೆಗೆದಳು, ಯಾರೂ ಹೇಳಿರಲಿಲ್ಲ, ಅವಳ ಕಣ್ಣಿಗೆ ಚೆನ್ನಾಗಿರಲಿ ಅಂತ ತೆಗೆದಳು. ಸೋಮವಾರ ಔಷಧ ವಿಭಾಗದವರು ಹನ್ನೆರಡನೆಯ ಸಾಲು ಸೇರಿಸಿದರು, ಸೇರಿಸಲೇಬೇಕಿತ್ತು, ಅವರದೇನೂ ತಪ್ಪಿಲ್ಲ — ಚೌಕಟ್ಟಿನೊಳಗೆ ಮಾತ್ರ ಅದು ಹಿಡಿಯಲಿಲ್ಲ, ಕೆಳ ಅಂಚಿನಲ್ಲಿ ಅಕ್ಷರಗಳ ತಲೆಕಟ್ಟುಗಳಷ್ಟೇ ಇಣುಕಿ ಉಳಿದೆಲ್ಲ ಮುಳುಗಿಹೋಯಿತು.

ಇವತ್ತು ಒಂಬತ್ತು ನಲವತ್ತಕ್ಕೆ ಫೋನು. ದೊಡ್ಡಕ್ಕ, ವಾರ್ಡಿನ ಹಿರಿಯ ನರ್ಸು, ವೈದ್ಯರೂ ಹಾಗೇ ಕರೆಯುತ್ತಾರೆ. ಏನಮ್ಮಾ ಕಂಪ್ಯೂಟರ್ ತಾಯಿ, ನಿನ್ನ ಪಟ್ಟಿಗೆ ಕೆಳಗೆರೆ ಎಲ್ಲಿ? ಗೆರೆಗೇನು ಅವಸರ ಅಂದುಕೊಂಡಳು, ಸಂಜೆ ನೋಡ್ತೀನಿ ದೊಡ್ಡಕ್ಕ ಅಂದಳು. ಸಂಜೆ ಯಾಕೆ, ರಿಟೈರ್ ಆದ್ಮೇಲೆ ನೋಡು, ಇಲ್ಲಿ ಔಷಧಿ ಕೈಲಿ ಹಿಡ್ಕೊಂಡು ನಿಂತಿದೀನಿ, ಎರಡೂವರೆ ಕೆಜಿ ಕೂಸು, ಗೆರೆ ಇಲ್ಲ ಅಂದ್ರೆ ಪಟ್ಟಿ ಮುಗಿದಿಲ್ಲ ಅಂತ ಅರ್ಥ, ಕೆಳಗೆ ಬರೀ ತಲೆಕಟ್ಟು ಕಾಣ್ತಿದೆ, ಅದರ ಮೈ ಎಲ್ಲಿ? ಕಾಗದದ ಕಾಲದ ಅಭ್ಯಾಸ, ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆಯದೆ ರಿಜಿಸ್ಟರ್ ಮುಚ್ಚಿದವರಿಗೆ ದೊಡ್ಡಕ್ಕನಿಂದ ಮಂಗಳಾರತಿ, ಅಕ್ಕ ಗೆರೆ ಎಳೀದೆ ಊಟಾನೂ ಮುಗಿಸಲ್ಲ ಅಂತ ಹೊಸ ಹುಡುಗಿಯರು ನಗುತ್ತಾರೆ, ಅವಳೂ ನಕ್ಕಿದ್ದಾಳೆ, ಆ ನಗುವಿನಲ್ಲಿ ಅವಳದೂ ಪಾಲಿದೆ. ಮೂಲ ಪುಟ ತೆರೆದಳು. ಮೂರು ಕೆಜಿಗಿಂತ ಕಡಿಮೆ ತೂಕದ ಶಿಶುವಿಗೆ ಮೇಲಿನ ಪ್ರಮಾಣದ ಅರ್ಧ ಮಾತ್ರ. ಫೋನಿನಲ್ಲೇ ಓದಿ ಹೇಳಿದಳು. ಅರ್ಧಾನಾ? ಇನ್ನೊಂದ್ಸಲ ಓದು. ಓದಿದಳು. ಸರಿ, ಫೋನ್ ಇಡ್ತೀನಿ. ಅಷ್ಟೇ, ಒಂದು ಬೈಗುಳವೂ ಇಲ್ಲ.

ಎತ್ತರದ ಮಿತಿ ತೆಗೆದಳು, ಸ್ಕ್ರಾಲ್ ಬಾರ್ ಹಾಕಿದಳು, ಉಳಿದ ವಾರ್ಡುಗಳಿಗೆಲ್ಲ ಫೋನು ಮಾಡಿದಳು — ಸೋಮವಾರದಿಂದ ಈಚೆಗೆ ಆ ಔಷಧ ಬೇರೆ ಯಾವ ಸಣ್ಣ ಕೂಸಿಗೂ ಹೋಗಿಲ್ಲ, ಪ್ರತಿ ವಾರ್ಡಿನಲ್ಲೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಮೇಲಧಿಕಾರಿ ಅಂದರು, ಔಷಧದವರು ಮುಂಚೆ ತಿಳಿಸಲಿಲ್ಲ ಅಂತ ವರದಿಲಿ ಬರೆದುಬಿಡಮ್ಮ, ಕೈ ತೊಳ್ಕೊ. ಎತ್ತರ ನಿಗದಿ ಮಾಡಿದ್ದು ನಾನು, ಸ್ಕ್ರಾಲ್ ತೆಗೆದದ್ದೂ ನಾನು ಅಂತ ಬರೆದಳು, ಕೊನೆಗೊಂದು ಗೆರೆ ಎಳೆದಳು, ಬರೆದ ಮೇಲೆ ಎದೆ ಹಗುರಾಯಿತು, ದೊಡ್ಡಕ್ಕ ಉಳಿಸಿದ್ದು ಒಂದು ಜೀವವನ್ನಲ್ಲ, ಎರಡನ್ನು, ಕೂಸಿನದನ್ನೂ ತನ್ನದನ್ನೂ, ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ, ಥ್ಯಾಂಕ್ಸ್ ಅನ್ನುವುದು ಪೆನ್ನು ಎತ್ತಿಕೊಟ್ಟವರಿಗೆ, ಇದಕ್ಕೆ ಏನನ್ನುತ್ತಾರೆ —

ಬಂದ್ಯಾ, ಅಲ್ಲೇ ನಿಲ್ಲಬೇಡ, ಬಾ. ದೊಡ್ಡಕ್ಕ ತಲೆ ಎತ್ತಲಿಲ್ಲ, ಯಾರದೋ ತೂಕ ಬರೆಯುತ್ತಿದ್ದಾರೆ. ದೊಡ್ಡಕ್ಕಾ, ನಾನು, ನೀವು ಇಲ್ಲದೇ ಹೋಗಿದ್ರೆ — ಇದ್ನಲ್ಲ, ಇನ್ನೇನು? ಅಳೋದಾದ್ರೆ ಹೊರಗೆ ಅಳು, ಇಲ್ಲಿ ಅಳೋಕೆ ಹದಿನಾಲ್ಕು ಜನ ಇದ್ದಾರೆ. ಹಾಸಿಗೆಯ ಮೇಲಿದ್ದ ಆ ಕೂಸಿನ ತಾಯಿ ಗಾಬರಿಯಿಂದ ನೋಡಿದಳು, ಏನಾದ್ರೂ ತೊಂದರೆನಾ ಅಕ್ಕ? ಬೆಳಿಗ್ಗೆ ಹೇಳಿದ್ನಲ್ಲಮ್ಮ, ಪಟ್ಟಿಲಿ ಒಂದು ಸಾಲು ಕಾಣ್ತಿರಲಿಲ್ಲ ಅಂತ, ಅದನ್ನ ಸರಿ ಮಾಡಿದೋಳು ಇವಳೇ. ಸರಿ ಮಾಡಿದವಳು, ಕೆಡಿಸಿದವಳೂ ಅವಳೇ, ಅದನ್ನು ಹೇಳಬೇಕು, ಹೇಳಿದಳು, ಆ ಸಾಲನ್ನ ಮರೆಮಾಡಿದ್ದೂ ನಾನೇ ಅಮ್ಮ. ತಾಯಿ ಸ್ವಲ್ಪ ಸರಿದು ಹಾಸಿಗೆಯ ಅಂಚಿನಲ್ಲಿ ಜಾಗ ಬಿಟ್ಟಳು. ಕೂತಳು. ಮಗು ನಿದ್ದೆಯಲ್ಲಿದೆ, ಅಳುತ್ತಿದ್ದದ್ದು ಬೇರೆ ಯಾವುದೋ, ಹೊದಿಸಿದ ಬಿಳಿ ಬಟ್ಟೆ ಮೂಗಿನವರೆಗೂ ಬಂದಿದೆ, ದೊಡ್ಡಕ್ಕನ ಕೈ ಬಂದು ಅದನ್ನು ಗಲ್ಲದ ಕೆಳಗೆ ಸರಿಸಬೇಕು, ಈಗ ಸರಿಸುತ್ತದೆ, ಬಟ್ಟೆಯ ಅಂಚು, ಅಂಚಿನ ಮೇಲೆ ಬರೀ ತಲೆ, ಕಪ್ಪು ಕೂದಲು, ಅಂಚು, ಅಂಚಿನ ಮೇಲೆ ತಲೆ, ಮುಳುಗಿದ ಆ ಸಾಲಿನ ತಲೆಕಟ್ಟಿನ ಹಾಗೆ, ಅದರ ಕೆಳಗೆ ಮೈ, ಉಸಿರಾಡುವ ಮೈ —