ಐದನೇ ಬಟ್ಟಲಿನ ಜೋಳ

"ಇದನ್ನ ಡಬ್ಬಿಗೆ ತುಂಬಿದವನು ಒಂದು ದಿನವೂ ಬಾಯಿಗೆ ಹಾಕ್ಕೊಂಡು ನೋಡಿಲ್ಲ" ಎಂದು ಅಣ್ಣ ಐದನೇ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಊರೂರಲ್ಲಿ ಮಳಿಗೆಗಳಿರುವ ದೊಡ್ಡ ಸೂಪರ್ ಮಾರ್ಕೆಟ್ ಕಂಪನಿಯೊಂದರ ಕಚೇರಿ ಅದು. ವರ್ಷಕ್ಕೊಮ್ಮೆ ಅವರು ಸ್ವೀಟ್ ಕಾರ್ನ್, ಅಂದರೆ ಸಿಹಿ ಮೆಕ್ಕೆಜೋಳದ ಡಬ್ಬಿ ಮಾಡುವ ಎಲ್ಲರನ್ನೂ ಕರೆಯುತ್ತಾರೆ. ಎಲ್ಲರ ಡಬ್ಬಿಗಳನ್ನೂ ಒಳಗಿನ ಕೋಣೆಯಲ್ಲಿ ತೆರೆದು, ಬಿಳಿ ಬಟ್ಟಲುಗಳಿಗೆ ಸುರಿದು, ಬರೀ ನಂಬರ್ ಹಾಕಿ ಸಾಲಾಗಿ ತಂದಿಡುತ್ತಾರೆ. ಯಾವುದು ಯಾರದೆಂದು ಖರೀದಿ ಮುಖ್ಯಸ್ಥೆಯೊಬ್ಬರಿಗೇ ಗೊತ್ತು. ನಮ್ಮ ಫ್ಯಾಕ್ಟರಿಯ ಅರ್ಧಕ್ಕಿಂತ ಹೆಚ್ಚು ಮಾಲು ಹೋಗುವುದು ಅವರಿಗೆ. ಈ ಸಲ ಆರ್ಡರ್ ತಪ್ಪಿದರೆ ಫ್ಯಾಕ್ಟರಿಗೆ ಬೀಗ ಹಾಕಬೇಕು, ಅಷ್ಟೇ. ಅದರಲ್ಲಿ ಮುಚ್ಚುಮರೆ ಏನಿಲ್ಲ.

ಆದರೂ ನಾನು ನಿಶ್ಚಿಂತೆಯಾಗಿದ್ದೆ. ಅಣ್ಣನಿಗೆ ಈ ದಂಧೆಯಲ್ಲಿ 'ನಾಲಿಗೆ' ಎಂದೇ ಹೆಸರು. ಜೋಳದ ಸಿಹಿ ಹೊಲದಿಂದ ಹೊಲಕ್ಕೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಡಬ್ಬಿಗೆ ಹೊಯ್ಯುವ ನೀರಿಗೆ ಎಷ್ಟು ಉಪ್ಪು, ಎಷ್ಟು ಸಕ್ಕರೆ ಎಂದು ಪ್ರತಿ ಸಲವೂ ಚಮಚದಲ್ಲಿ ರುಚಿ ನೋಡಿ ಹೇಳುವವನು ಅವನು. ಅಪ್ಪ ಫ್ಯಾಕ್ಟರಿಯನ್ನು ಅವನ ಕೈಗೆ ಕೊಟ್ಟದ್ದು ಆ ನಾಲಿಗೆ ನೋಡಿ. ಮಾರುವ ಕೆಲಸ ನನ್ನ ಪಾಲಿಗೆ ಬಂತು. ನನಗಂತೂ ದಿನಾ ಜೋಳದ ಮಾತಾಡಿ ಆಡಿ ಜೋಳ ಕಂಡರೇ ವಾಕರಿಕೆ, ಬಾಯಿಗೆ ಹಾಕಿಕೊಂಡು ವರ್ಷಗಳೇ ಆಗಿದ್ದವು.

"ನಿಮ್ಮದು ಯಾವುದು ಅಂತ ಹೇಳ್ತೀರಾ?" ಎಂದು ಖರೀದಿ ಮುಖ್ಯಸ್ಥೆ, ಹಿಂದೆ ಯಾವ ವರ್ಷವೂ ಕೇಳದ್ದನ್ನು, ಕೇಳಿದರು.

"ಮೂರು. ಕಣ್ಣು ಕಟ್ಟಿದ್ರೂ ಹೇಳ್ತೀನಿ" ಎಂದ ಅಣ್ಣ.

ಆಕೆ ನಗಲಿಲ್ಲ. ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಅಡಿಯಲ್ಲಿ ಅಂಟಿಸಿದ್ದ ಲೇಬಲ್ ತೋರಿಸಿದರು. ಮೂರನೆಯದು ಹೊರದೇಶದಿಂದ ಬರುವ ಅಗ್ಗದ ಡಬ್ಬಿ. ಐದನೆಯದರ ಅಡಿಯಲ್ಲಿ ನಮ್ಮ ಲೇಬಲ್ ಇತ್ತು, ಅಪ್ಪ ಬರೆಸಿದ ಅದೇ ಹಳದಿ ತೆನೆ.

ಬಟ್ಟಲು ಅದಲುಬದಲಾಗಿವೆ ಎಂದು ಜಗಳಕ್ಕೇ ನಿಂತೆ. ಆಕೆ ಶಾಂತವಾಗಿ ನಾವೇ ಕಳಿಸಿದ ಪೆಟ್ಟಿಗೆಯಿಂದ ಇನ್ನೊಂದು ಡಬ್ಬಿ ತೆಗೆಸಿ ನನ್ನ ಎದುರೇ ತೆರೆಸಿದರು. ಕಾಳು ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ಬಾಯಿಗೆ ಹಾಕಿದೆ. ಮುಖಕ್ಕೆ ಹೊಡೆಯುವಂಥ ಸಿಹಿ, ಹಿಂದೆಯೇ ಎಂಥದೋ ಜಿಡ್ಡು. ನುಂಗಲೂ ಆಗದೆ, ಅಷ್ಟು ಜನರ ಎದುರು ಉಗುಳಲೂ ಆಗದೆ ಕೂತೆ.

"ಮೂರು ವರ್ಷದಿಂದ ನಿಮ್ಮ ಮಾರಾಟ ಯಾಕೆ ಬಿತ್ತು ಅಂತ ನೀವು ವರ್ಷಾ ವರ್ಷಾ ಒಂದು ಕಾರಣ ಕೊಟ್ರಿ" ಎಂದರು ಆಕೆ ನನ್ನ ಕಡೆ ತಿರುಗಿ. ನಿಜ, ಕೊಟ್ಟಿದ್ದೆ. ಮೊದಲ ವರ್ಷ ಹಡಗು ಬಾಡಿಗೆ ಇಳಿದು ಹೊರಗಿನ ಮಾಲು ನುಗ್ಗಿತು ಎಂದೆ. ಮರುವರ್ಷ ಜನ ಫ್ರೋಜನ್ ಜೋಳಕ್ಕೆ ಹೋದರು ಎಂದೆ. ಈ ವರ್ಷ ತಗಡಿನ ಬೆಲೆ ಎಂದು ಹೇಳಲು ಬಣ್ಣದ ಚಾರ್ಟುಗಳನ್ನೇ ಮಾಡಿಸಿಕೊಂಡು ಬಂದಿದ್ದೆ. ಆಕೆ ಗೋಡೆಯ ಪರದೆಯ ಮೇಲೆ ತಮ್ಮದೊಂದು ಚಾರ್ಟು ಹಾಕಿದರು. ನಮ್ಮ ಭಾಗದ ಎಲ್ಲ ಊರುಗಳಲ್ಲೂ ಡಬ್ಬಿ ಜೋಳದ ಮಾರಾಟ ಏರಿತ್ತು. ಆಮದು ಸುಂಕ ಹೆಚ್ಚಿದ ಮೇಲೆ ಹೊರಗಿನ ಡಬ್ಬಿ ಕಮ್ಮಿಯಾಗಿತ್ತು. ನಮ್ಮ ಅಕ್ಕಪಕ್ಕದ ಸಣ್ಣಪುಟ್ಟ ಫ್ಯಾಕ್ಟರಿಗಳೂ ಚೇತರಿಸಿಕೊಂಡಿದ್ದವು. ಇಳಿದದ್ದು ನಮ್ಮದೊಂದೇ ಗೆರೆ.

"ಮಾರುಕಟ್ಟೆಗೆ ಏನೂ ಆಗಿಲ್ಲ. ನಿಮ್ಮ ಡಬ್ಬಿಗೆ ಆಗಿದೆ. ನಿಮ್ಮ ತಂದೆ ಕಾಲದ ನಂಟು ಅಂತ ಒಂದು ವಾರ ಕೊಡ್ತೀನಿ. ಮುಂದಿನ ಶುಕ್ರವಾರ ಹೊಸ ಡಬ್ಬಿ ತನ್ನಿ, ಹೀಗೇ ನೋಡೋಣ. ಇಲ್ಲಾಂದ್ರೆ ನಿಮ್ಮ ಜಾಗ ಮೂರನೇ ನಂಬರಿಗೆ ಹೋಗುತ್ತೆ" ಎಂದರು.

ಕಾರಿಗೆ ಬಂದು ಕೂತೆವು. ಅಣ್ಣ ಮುಂದಿನ ಗಾಜನ್ನೇ ನೋಡುತ್ತಿದ್ದ.

"ನಿನ್ನ ಜೋಳ ನಿಂಗೇ ಗೊತ್ತಾಗ್ಲಿಲ್ವಾ?" ಎಂದೆ.

"ನಂಗೆ ಯಾವುದೂ ಗೊತ್ತಾಗಲ್ಲ ಕಣೆ."

"ಅಂದ್ರೆ?"

"ಆ ಜ್ವರ ಬಂದಿತ್ತಲ್ಲ. ಬಿಟ್ಟ ಮೇಲೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಇವತ್ತು ಮೂರನೇದರ ಕಾಳು ಚಂದ ಹೊಳೀತಿತ್ತು. ಅದಕ್ಕೇ ಅದು ನಮ್ಮದು ಅಂದೆ."

ಮೂರು ವರ್ಷಕ್ಕೂ ಹಿಂದಿನ ಜ್ವರ ಅದು. ಅಲ್ಲಿಂದ ಇಲ್ಲಿವರೆಗೆ ಇವನು ಕೊಪ್ಪರಿಗೆಯ ಮುಂದೆ ನಿಂತು, ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆಯಾಡಿಸಿ, ಇನ್ನೊಂದು ಮೂಟೆ ಸಕ್ಕರೆ ಎಂದು ಬಾಯಿಗೆ ಬಂದದ್ದು ಹೇಳಿದ್ದಾನೆ. ಮುಚ್ಚಿದ ಡಬ್ಬಿ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತು ಒಳಗೆ ಏನಾಗಿದೆ ಎಂದು ತೆರೆದು ನೋಡುವುದನ್ನೂ ಬಿಟ್ಟಿದ್ದ. ತೆರೆದರೆ ಜನ ಸುತ್ತ ನಿಂತು ಅವನ ಮಾತಿಗೆ ಕಾಯುತ್ತಾರಲ್ಲ. ಅಂಗಡಿಯವರ ದೂರುಗಳಿಗೆ, ಇಡುವ ಜಾಗ ತಂಪಾಗಿಟ್ಟುಕೊಳ್ಳಿ ಎಂದು ಅವರ ಮೇಲೇ ಹಾರಿಬೀಳುತ್ತಿದ್ದನಂತೆ. ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಬರುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಯಾಕೋ ಹೇಳ್ಲಿಲ್ಲ?"

"ನಾಲಿಗೆ ಬಿಟ್ರೆ ನನ್ನ ಹತ್ರ ಇನ್ನೇನಿದೆ?" ಎಂದ ಅವನು. ನಾನು ಕಾರು ಹೊರಡಿಸಿದೆ.

ಮರುದಿನ ಬೆಳಗ್ಗೆಯೇ ಅವನನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಜ್ವರ ಬಿಟ್ಟ ಹೊಸದರಲ್ಲೇ ಬಂದಿದ್ದರೆ ಬಹುಪಾಲು ಸರಿಹೋಗುತ್ತಿತ್ತು ಎಂದರು ಅವರು. ಈಗಲೂ ಆಸೆ ಬಿಡಬೇಕಿಲ್ಲ, ಆದರೆ ಮಾತು ಕೊಡಲಾರೆ ಎಂದರು. ನಾಲ್ಕು ಪುಟ್ಟ ಸೀಸೆಗಳನ್ನು ಚೀಲಕ್ಕೆ ಹಾಕಿ ಕೊಟ್ಟರು. ಒಂದರಲ್ಲಿ ನಿಂಬೆ, ಒಂದರಲ್ಲಿ ಲವಂಗ, ಇನ್ನೆರಡರಲ್ಲಿ ಬೇರೆ ಘಾಟು. ಬೆಳಗ್ಗೆ ಸಂಜೆ ತಪ್ಪದೆ ಮೂಸಬೇಕು, ಮನೆಯವರು ಯಾರಾದರೂ ಜೊತೆಗೆ ಕೂತು ಇದು ಇಂಥದ್ದು ಎಂದು ಪ್ರತಿ ಸಲ ನೆನಪಿಸಬೇಕು, ಒಬ್ಬನೇ ಕೂತರೆ ವಾರದಲ್ಲಿ ಬಿಟ್ಟುಬಿಡುತ್ತಾನೆ ಎಂದರು. ಅಣ್ಣ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಅವನ ಮುಖದಲ್ಲಿ ಅಷ್ಟು ಆಸೆಯನ್ನು ನಾನು ಕಂಡಿದ್ದೇ ಇಲ್ಲ.

ಮನೆಗೆ ಬಂದವನೇ ಸ್ನಾನಕ್ಕೆ ಹೋದ. ನಾನು ಅಡುಗೆಮನೆಯಲ್ಲಿ ಅತ್ತಿಗೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಕೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಶುಕ್ರವಾರದೊಳಗೆ ನಮಗೊಂದು ನಾಲಿಗೆ ಬೇಕು, ನನ್ನದು ಕೆಲಸಕ್ಕೆ ಬಾರದ್ದು, ಏನು ಮಾಡೋಣ ಎಂದೆ. ಅತ್ತಿಗೆ ಕೈ ಒರೆಸಿಕೊಂಡು ಕಪಾಟಿನಿಂದ ನಮ್ಮದೇ ಡಬ್ಬಿಯೊಂದನ್ನು ತೆಗೆದು, ತೆರೆದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು.

"ಸಕ್ಕರೆ ಅತಿಯಾಗಿದೆ, ಅದಕ್ಕೇ ಬಣ್ಣ ಕಂದಿರೋದು. ಉಪ್ಪು ಅರ್ಧಕ್ಕೇ ನಿಂತಿದೆ. ಬೇಯಿಸಿದ್ದೂ ಹೆಚ್ಚಾಯ್ತು. ನಾಳೆ ನಾನು ಬರ್ತೀನಿ, ಸರಿ ಮಾಡೋಣ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಇಷ್ಟು ಬೇಗ ಹೇಗೆ ಹೇಳಿದ್ರಿ?"

"ತಿಂಗಳಿಗೊಂದು ಪೆಟ್ಟಿಗೆ ಮನೆಗೆ ಬರುತ್ತಲ್ಲ. ನೋಡ್ತಾನೇ ಇದ್ದೆ."

"ಅಂದ್ರೆ ಅಣ್ಣಂದು ನಿಮಗೆ ಗೊತ್ತಿತ್ತಾ?"

"ಜ್ವರ ಬಿಟ್ಟ ವಾರವೇ ಗೊತ್ತಾಯ್ತು. ಒಂದಿನ ಉಪ್ಪು ಹಾಕೋದೇ ಮರ್ತುಹೋಗಿತ್ತು. ಇನ್ನೇನು ತಟ್ಟೆ ಹಾರುತ್ತೆ ಅಂತ ಗೋಡೆಗೆ ಒರಗಿ ನಿಂತಿದ್ದೆ. ಸುಮ್ಮನೆ ಪೂರ್ತಿ ತಿಂದು, ಕೈ ತೊಳ್ಕೊಂಡು ಎದ್ದು ಹೋದರು."

ಮದುವೆಯಾದ ದಿನದಿಂದ ಆ ಮನೆಯಲ್ಲಿ ಪ್ರತಿ ಊಟಕ್ಕೂ ಒಂದು ತೀರ್ಪು ಇರುತ್ತಿತ್ತು. ಖಾರ ಹೆಚ್ಚು, ಹುಳಿ ಕಮ್ಮಿ, ಇದನ್ನು ಮನುಷ್ಯರು ತಿನ್ನುತ್ತಾರಾ, ಎಂದು ಅಣ್ಣ ತಟ್ಟೆ ದೂಡುತ್ತಿದ್ದ. ನಾಲಿಗೆ ಅಂದರೆ ಹೀಗಿರಬೇಕು ಎಂದು ಅಪ್ಪ ಬೀಗುತ್ತಿದ್ದರು. ನಾನೂ ಅದೇ ಮೇಜಿಗೆ ಕೂತು ನಗುತ್ತಿದ್ದೆ. ಅತ್ತಿಗೆ ಎರಡನೇ ಸಲ ಅಡುಗೆ ಮಾಡಲು ಒಳಗೆ ಹೋಗುತ್ತಿದ್ದರು. ಈಚೆಗೆ ಅಣ್ಣ ವಯಸ್ಸಾಗಿ ಮೆತ್ತಗಾದ, ಒಳ್ಳೆಯವನಾದ ಎಂದು ನಾವೆಲ್ಲ ಹೇಳಿಕೊಂಡು ಓಡಾಡಿದ್ದೇ ಓಡಾಡಿದ್ದು.

"ನಂಗಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ ಅತ್ತಿಗೆ. ಫ್ಯಾಕ್ಟರಿ ಅಂದ್ರೆ ಅಷ್ಟೊಂದು ಜನರ ಅನ್ನ. ನಿಮ್ಮ ಮನೆಯೂ ಅದರ ಮೇಲೇ ನಿಂತಿದೆ."

"ಹೇಳಿದ್ರೆ ನೀವೆಲ್ಲ ವಾಸಿ ಮಾಡಿಸಿಬಿಡ್ತಿದ್ರಿ" ಎಂದರು ಅತ್ತಿಗೆ.

ದನಿ ಏರಿಸಲಿಲ್ಲ, ಅಳಲಿಲ್ಲ. ಸಕ್ಕರೆ ಅತಿಯಾಗಿದೆ ಎಂದ ಅದೇ ದನಿಯಲ್ಲಿ ಹೇಳಿದರು. ಮೇಜಿನ ಮೇಲೆ ನಾನೇ ಇಟ್ಟಿದ್ದ ಸೀಸೆಗಳ ಚೀಲವನ್ನು ಆಕೆ ಬಿಚ್ಚಿ ನೋಡಿದರು. ಬೆಳಗ್ಗೆ ಸಂಜೆ ಜೊತೆಗೆ ಕೂರಬೇಕಂತೆ ಎಂದು ಆಗಲೇ ಹೇಳಿಬಿಟ್ಟಿದ್ದೆ. ಲವಂಗದ ಸೀಸೆಯನ್ನು ಮೂಗಿಗೆ ಹಿಡಿದು, ಮುಚ್ಚಳ ಹಾಕಿ, ಚೀಲದ ಬಾಯಿ ಕಟ್ಟಿ ನನ್ನ ಕಡೆ ಸರಿಸಿದರು.

"ನಿಮ್ಮ ಕೊಪ್ಪರಿಗೆ ಉಪ್ಪು ಎಷ್ಟು ವರ್ಷ ಬೇಕಾದ್ರೂ ನಾನು ನೋಡ್ತೀನಿ. ಇದನ್ನ ಮಾತ್ರ ನೀನೇ ಇಟ್ಕೋ."

ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಒದ್ದೆ ಕೂದಲು ಒರೆಸಿಕೊಳ್ಳುತ್ತ ಅಣ್ಣ ಒಳಗಿನಿಂದಲೇ ಕೂಗಿದ. "ಸೀಸೆ ನಿಮ್ಮತ್ತಿಗೆ ಕೈಗೆ ಕೊಟ್ಯಾ? ಇವತ್ತೇ ಶುರು ಮಾಡ್ತೀನಿ."

ಅತ್ತಿಗೆ ನನ್ನನ್ನೇ ನೋಡಿದರು. ಬೇಡಿಕೊಳ್ಳುವ ನೋಟವಲ್ಲ ಅದು, ಸುಮ್ಮನೆ ಕಾಯುವ ನೋಟ. ಚೀಲ ನನ್ನ ಕೈಯಲ್ಲೇ ಇತ್ತು.

"ಡಾಕ್ಟರ ಹತ್ರವೇ ಮರ್ತು ಬಂದೆ ಅಣ್ಣ" ಎಂದೆ.

ಅತ್ತಿಗೆ ಅವನಿಗೆ ತಟ್ಟೆ ಹಾಕಿ ಬಡಿಸತೊಡಗಿದರು.