ಸಾಹೇಬರು ಹೇಳಿ ಬರೆಸಿದ್ದು

“ಬರ್ಕೊಳ್ಳಿ,” ಎಂದರು ಸಾಹೇಬರು. “ಸಂಬಂಧಪಟ್ಟವರಿಗೆ.”

ಅವಳು ಬರೆದುಕೊಂಡಳು. ತನ್ನ ಶಿಫಾರಸು ಪತ್ರವನ್ನು ತಾನೇ ಕೂತು ಬರೆದುಕೊಳ್ಳುವುದು ತಮಾಷೆಯೆನ್ನಿಸಿ ಒಳಗೊಳಗೇ ನಗು ಬಂತು. ಆದರೆ ಈ ನ್ಯಾಯಾಧೀಶರಿಗೆ ಇದ್ದ ಸ್ಟೆನೋ ಅವಳೊಬ್ಬಳೇ. ಇನ್ನು ಯಾರು ಬರೆದುಕೊಳ್ಳಬೇಕು?

“ಹೆಸರು ಗಿಸರು ನೀವೇ ಹಾಕ್ಕೊಳ್ಳಿ. ‘ಇವರು ಹನ್ನೊಂದು ವರ್ಷಗಳಿಂದ ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಬರುತ್ತಾರೆ. ಇಷ್ಟು ವರ್ಷಗಳಲ್ಲಿ ಇವರ ಬಾಯಿಂದ ಒಂದು ಎದುರುಮಾತನ್ನೂ ನಾನು ಕೇಳಿಲ್ಲ. ಇವರು ಕೋಣೆಯಲ್ಲಿದ್ದಾರೆ ಎಂಬುದೇ ಗೊತ್ತಾಗುವುದಿಲ್ಲ.’” ಸಾಹೇಬರು ಕನ್ನಡಕ ತೆಗೆದು ನಕ್ಕರು. “ಹೇಗಿದೆ?”

“ಚೆನ್ನಾಗಿದೆ ಸರ್.”

“ಮನಸಾರೆ ಹೇಳಿದ್ದಮ್ಮ. ಬೇರೆಯವರಿಗೆ ಇಷ್ಟೆಲ್ಲ ಹೇಳೋನಲ್ಲ ನಾನು.”

ಅದು ಅವಳಿಗೂ ಗೊತ್ತಿತ್ತು. ಸಾಹೇಬರು ಒಳ್ಳೆಯ ಮನುಷ್ಯ. ಅವಳ ಪುಣ್ಯಕ್ಕೆ ಇವತ್ತು ಅವರ ಸೊಂಟನೋವೂ ಕಡಿಮೆಯಿತ್ತು.

ಬೆಳಿಗ್ಗೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಸಂಜೆ ತರಗತಿಯ ಲಾ ಕಾಲೇಜಿನ ವೇಟಿಂಗ್ ಲಿಸ್ಟಿನಲ್ಲಿ ಮೂರು ತಿಂಗಳ ಹಿಂದೆ ಅವಳದು ಒಂಬತ್ತನೇ ನಂಬರು. ಮೂವತ್ತೇಳರ ಹೆಂಗಸು ಅಷ್ಟಕ್ಕೇ ಕೈಚೆಲ್ಲಿ ಕೂರಬಹುದಿತ್ತು, ಕೂರಲಿಲ್ಲ. ‘ನನಗೆ ಈಗಲೂ ಸೀಟು ಬೇಕು’ ಎಂದು ಹದಿನೈದು ದಿನಕ್ಕೊಮ್ಮೆ ಕಾಲೇಜಿಗೆ ಕಾಗದ ಹಾಕಿದಳು. ಪ್ರವೇಶ ಪರೀಕ್ಷೆಗೆ ಇನ್ನೊಮ್ಮೆ ಕೂತು ಆರು ಅಂಕ ಹೆಚ್ಚಿಸಿಕೊಂಡಳು. ಎರಡು ಸಲ ಹೋಗಿ, ಕೇಳಿಕೊಂಡು, ಹಿಂದಿನ ಬೆಂಚಿನಲ್ಲಿ ಪಾಠ ಕೇಳಿ ಬಂದಳು. ಅಷ್ಟರಲ್ಲಿ ಮುಂದಿದ್ದವರು ಒಬ್ಬೊಬ್ಬರೇ ಉದುರಿದರು. ಒಬ್ಬನಿಗೆ ವರ್ಗವಾಯಿತು, ಒಬ್ಬಳು ಬೇರೆ ಕಾಲೇಜು ಹಿಡಿದಳು, ಒಬ್ಬಾತ ಫೋನೇ ಎತ್ತಲಿಲ್ಲವಂತೆ. ಗುರುತಿಲ್ಲದವರು ದಾರಿ ಬಿಟ್ಟದ್ದಕ್ಕೆ ಇಷ್ಟು ಖುಷಿಪಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಇವತ್ತು ಒಂಬತ್ತು ಗಂಟೆಗೆ ಕಾಲೇಜಿನಿಂದಲೇ ಫೋನು. ಉಳಿದಿರುವುದು ಒಂದು ಸೀಟು, ಸರಿಸಮ ಅಂಕದವರು ಇಬ್ಬರು. ಮೇಲಧಿಕಾರಿಯ ಪತ್ರ ಹಿಡಿದು ಐದರೊಳಗೆ ಖುದ್ದು ಬರಬೇಕು.

ಪಕ್ಕದ ಕೋಣೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಎರಡು ವಾಕ್ಯ ಸಲೀಸಾಗಿ ಹೋದವು. ಮೂರನೆಯದಕ್ಕೆ ನಿಂತಳು.

ಎದುರುಮಾತಾಡುವುದಿಲ್ಲ. ಇರುವುದೇ ಗೊತ್ತಾಗುವುದಿಲ್ಲ. ಮನೆಗೆಲಸಕ್ಕೆ ಆಳು ಹುಡುಕುವವರು ಇದನ್ನು ಓದಿ ಕುಣಿದಾಡಿಯಾರು. ವಕೀಲಳಾಗ ಹೊರಟವಳಿಗೆ ಇದಕ್ಕಿಂತ ಕೆಟ್ಟ ಸರ್ಟಿಫಿಕೇಟು ಬೇಕೆ?

ಕೆಟ್ಟದ್ದೆಂದರೆ, ಅದು ನಿಜವಾಗಿತ್ತು. ನಾಲ್ಕು ವರ್ಷದ ಹಿಂದೆ ಒಬ್ಬ ಗೋದಾಮಿನ ಕಾವಲುಗಾರನ ಮೇಲೆ ಕಳವಿನ ಕೇಸು ಬಂದಿತ್ತು. ಅವನು ಸಾಮಾನು ಹೊರಗೆ ಸಾಗಿಸಿದ್ದನ್ನು ಇಂಥ ದಿನ ಕಂಡೆನೆಂದು ಸಾಕ್ಷಿ ಹೇಳಿದ, ಆದರೆ ಆ ದಿನ ಗೋದಾಮಿಗೆ ಸೀಲು ಬಿದ್ದು ಬಾಗಿಲು ಮುಚ್ಚಿತ್ತು. ಅದನ್ನು ಹೇಳಿದವನೂ ಅದೇ ಸಾಕ್ಷಿ, ಹಿಂದಿನ ವಾರ. ಎರಡನ್ನೂ ಬರೆದುಕೊಂಡವಳು ಅವಳು. ಕಾವಲುಗಾರನ ವಕೀಲ ಗಮನಿಸಲಿಲ್ಲ. ಸ್ಟೆನೋಳನ್ನು ಯಾರು ಕೇಳುತ್ತಾರೆ? ಕಾವಲುಗಾರನಿಗೆ ಎರಡು ವರ್ಷ ಸಜೆಯಾಯಿತು. ಅವತ್ತು ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು. ಲಾ ಓದಬೇಕೆಂಬ ಹುಳ ತಲೆ ಹೊಕ್ಕಿದ್ದು ಆಗಲೇ.

ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಗಂಡ ಫೋನು ಮಾಡಿದ.

“ವಕೀಲರೇ, ಏನು ಬರೆದ್ರು ಸಾಹೇಬರು?”

“ಒಳ್ಳೇದೇ.”

“ಅಂದ್ರೆ?”

“ಒಳ್ಳೇದೇ ಅಂದ್ನಲ್ಲ.”

“ಅಲ್ಲೂ ಹೀಗೇ ಎರಡಕ್ಷರದಲ್ಲಿ ಮುಗಿಸ್ಬೇಡ ಮಾರಾಯ್ತಿ. ಬಾಯ್ತುಂಬ ಮಾತಾಡು.”

“ಹೂಂ.”

ಫೋನಿಟ್ಟು ಅವಳು ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಆ ಎರಡು ವಾಕ್ಯಗಳನ್ನು ನೋಡಿದಳು. ಸಾಹೇಬರ ಮಾತಿನಲ್ಲಿ ಒಂದು ಅಲ್ಪವಿರಾಮವನ್ನೂ ಅವಳು ಆಚೀಚೆ ಮಾಡಿದವಳಲ್ಲ. ‘ತಪ್ಪು ಕಂಡರೆ ಇವರು ಸುಮ್ಮನಿರುವವರಲ್ಲ,’ ಎಂದು ಟೈಪು ಹೊಡೆದಳು. ‘ಇವರು ಕೋಣೆಯಲ್ಲಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ.’ ಓದಿದಳು. ಪತ್ರದೊಳಗಿನ ಆ ಹೆಂಗಸು ಅವಳಿಗೆ ಬಹಳ ಹಿಡಿಸಿದಳು. ಪರಿಚಯ ಮಾಡಿಕೊಳ್ಳಬೇಕೆನ್ನುವಷ್ಟು.

ಸಾಹೇಬರು ಮೊಮ್ಮಗುವಿನ ಜೊತೆ ಫೋನಿನಲ್ಲಿದ್ದರು. ಅದನ್ನು ಮುದ್ದುಗರೆಯುತ್ತಲೇ ಕಾಗದ ಎಳೆದುಕೊಂಡು, ಓದದೆ, ಸಹಿ ಹಾಕಿದರು. ಅವರು ಯಾವತ್ತು ಓದಿದ್ದರು? ಅವಳ ಮೇಲೆ ಅಷ್ಟು ನಂಬಿಕೆ.

ಕೋರ್ಟಿನ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಗಾಳಿಗೆ ಕೂದಲು ಕೆದರಿದರೂ ಸರಿಮಾಡಿಕೊಳ್ಳಲಿಲ್ಲ. ಯಾರಿಗೂ ಮೋಸವಾಗಿಲ್ಲ, ನಾಳೆ ಆಗಲಿರುವವಳ ಬಗ್ಗೆ ಇವತ್ತೇ ಬರೆದಿದ್ದಷ್ಟೇ, ಎಂದು ವಾದ ಹೂಡಿದಳು. ವಾದ ಗೆದ್ದಿತು, ಎದುರು ಪಕ್ಷದವರು ಇರಲಿಲ್ಲ. ಮುಂದಿನ ಸೀಟಿನ ಮಗು ಅವಳನ್ನು ನೋಡಿ ನಕ್ಕಿತು. ತಾನು ಆಗಿನಿಂದ ಹಲ್ಲು ಬಿಟ್ಟುಕೊಂಡೇ ಕೂತಿದ್ದೇನೆಂದು ಅವಳಿಗೆ ಆಗ ಗೊತ್ತಾಯಿತು.

ಪ್ರವೇಶ ವಿಭಾಗದ ಮೇಡಂ ದಪ್ಪಗೆ, ನಗುಮುಖದವರು. ಪತ್ರ ಓದಿ ಹುಬ್ಬೇರಿಸಿ ಲಕೋಟೆಯ ಪಕ್ಕಕ್ಕಿಟ್ಟರು.

“ನಿಮ್ಮ ಸಾಹೇಬರು ನಿಮ್ಮನ್ನ ಕಂಡ್ರೆ ಹೆದರ್ತಾರೇನೋ.”

“ಹಾಗೇನಿಲ್ಲ ಮೇಡಂ.”

“ನಮಗೆ ಇಂಥೋರೇ ಬೇಕು. ಇನ್ನೊಬ್ಬ ಹುಡುಗ ಬಂದು ಹೋದ, ಪಾಪ, ಬಾಯೇ ಬಿಡ್ಲಿಲ್ಲ. ನೀವು ಐದು ನಿಮಿಷ ಮಾತಾಡಿ. ಈ ಸೀಟು ನಿಮಗೇ ಯಾಕೆ ಕೊಡಬೇಕು? ಅಷ್ಟು ಹೇಳಿದ್ರೆ ಸಾಕು, ಇಲ್ಲೇ ಸಹಿ ಹಾಕ್ತೀನಿ.”

ಅವಳು ಗಂಟಲು ಸರಿಮಾಡಿಕೊಂಡಳು. “ಮೊದಲನೆಯದಾಗಿ, ಈ ಪ್ರಶ್ನೆಯನ್ನ ಎರಡು ದೃಷ್ಟಿಯಿಂದ ನೋಡಬೇಕಾಗತ್ತೆ,” ಎಂದಳು. ದನಿ ನಡುಗಲಿಲ್ಲ. “ವಯಸ್ಸು ಅನ್ನೋದು ಅನರ್ಹತೆ ಅಲ್ಲ. ಅದು ಅನುಭವದ ದಾಖಲೆ.”

ಮೇಡಂ ತಲೆದೂಗಿದರು. ಅವಳಿಗೂ ಹಿಗ್ಗಾಯಿತು. ಎಷ್ಟು ಚೆನ್ನಾಗಿ ಬರುತ್ತಿದೆ! ಮಾತು ಮಾತಿಗೆ ತಾನೇ ಕೊಂಡಿ ಹಾಕಿಕೊಂಡು ಹೊರಡುತ್ತಿತ್ತು. ಮೊದಲಿನದು ಕೋರ್ಟಿಗೆ ಬರುವ ಒಬ್ಬ ಮುದಿ ಸಿವಿಲ್ ವಕೀಲರ ವಾಕ್ಯ, ಎರಡನೆಯದು ಒಂದು ಪಿಂಚಣಿ ಕೇಸಿನ ತೀರ್ಪಿನದು, ನಡುವೆ ಬಂದ ಸಣ್ಣ ಕೆಮ್ಮು ಸಾಹೇಬರದು ಎಂದು ಹೊಳೆದಾಗಲೂ ಅವಳ ಖುಷಿ ಇಳಿಯಲಿಲ್ಲ. ಯಾರ ಅಂಗಿಯಾದರೇನು, ಮೈಗೆ ಕೂತಿತ್ತಲ್ಲ.

“ಇವೆಲ್ಲವನ್ನೂ ಕೂಲಂಕಷವಾಗಿ ಪರಿಗಣಿಸಿ...” ಎಂದು ನಿಲ್ಲಿಸಿದಳು. ತೀರ್ಪು ಹೇಳಿ ಬರೆಸುವಾಗ ಸಾಹೇಬರು ನೀರು ಕುಡಿಯುವುದು ಇಲ್ಲಿ.

ಗೋಡೆಯ ಗಡಿಯಾರ ಐದಕ್ಕೆ ಆರು ನಿಮಿಷ ತೋರಿಸುತ್ತಿತ್ತು.

“ಪರಿಗಣಿಸಿ?” ಎಂದರು ಮೇಡಂ.

ಅವಳು ಉತ್ಸಾಹದಿಂದ ಅವರ ಮುಖ ನೋಡಿದಳು.

“ಮುಂದೆ ಹೇಳಿ. ನಿಮ್ಮ ಮಾತಲ್ಲೇ ಹೇಳಿ, ಪರವಾಗಿಲ್ಲ.”

ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಮುಖದ ಮೇಲೆ ನಗು ಹಾಗೇ ಇತ್ತು. ಮೇಡಂ ಕಣ್ಣು ಕೆಳಗಿಳಿದದ್ದನ್ನು ಕಂಡು ತಾನೂ ಕೆಳಗೆ ನೋಡಿದಳು. ಮೇಜಿನ ಮೇಲಿದ್ದ ಪೆನ್ಸಿಲು ಯಾವಾಗಲೋ ಅವಳ ಕೈಗೆ ಬಂದಿತ್ತು. ಲಕೋಟೆಯ ಬೆನ್ನ ಮೇಲೆ ಶಾರ್ಟ್‌ಹ್ಯಾಂಡಿನಲ್ಲಿ ಒಂದು ಸಾಲು. ಪರಿಗಣಿಸಿ, ಪ್ರಶ್ನಾರ್ಥಕ ಚಿಹ್ನೆ, ಮುಂದೆ ಹೇಳಿ, ನಿಮ್ಮ ಮಾತಲ್ಲೇ ಹೇಳಿ, ಪರವಾಗಿಲ್ಲ. ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ. ಸಾಲಿನ ಕೊನೆಯಲ್ಲಿ ಪೆನ್ಸಿಲಿನ ತುದಿ ಕಾಗದಕ್ಕೆ ಅಂಟಿಕೊಂಡು, ಮೇಡಂ ಇನ್ನೇನು ಹೇಳುತ್ತಾರೋ ಎಂದು ಕಾಯುತ್ತಿತ್ತು.